ತೊಳೆದ ನಾಳ, ಅಂಟಿದ ಪೋಸ್ಟ್: ಒಂದು ಎಂಡಿಎಸ್ ಪ್ರಬಂಧ ಮುಗಿಸಿದ ಬಗೆ

ಕಳೆದ ವಾರ ನನ್ನ ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ ಪದವಿ) ಪ್ರಬಂಧವನ್ನು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದೆ. ರೂಟ್ ಕೆನಾಲ್ ಆದ ಹಲ್ಲಿನ ಬೇರಿನೊಳಗೆ ಫೈಬರ್ ಪೋಸ್ಟ್ ಕೂರಿಸುವ ಮುನ್ನ ಆ ಜಾಗವನ್ನು ಯಾವ ದ್ರಾವಣದಿಂದ, ಯಾವ ವಿಧಾನದಲ್ಲಿ ತೊಳೆದರೆ ಪೋಸ್ಟ್ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ ಎಂಬುದು ನನ್ನ ವಿಷಯ. ಮೈಸೂರಿನಲ್ಲೇ ಓದುತ್ತಿರುವ, ಇಂಥದೇ ವಿಷಯ ಹಿಡಿಯಲು ಹೊರಟಿರುವ ಕಿರಿಯರು ಕೆಲವರು ಫೋನ್ ಮಾಡಿ ಕೇಳುತ್ತಿದ್ದಾರೆ. ಅವರಿಗೆಲ್ಲ ಒಂದೇ ಕಡೆ ಉತ್ತರ ಸಿಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ. ದಂತವೈದ್ಯಕೀಯ ಓದದವರಿಗೂ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿದ್ದೇನೆ, ಏಕೆಂದರೆ ಪೋಸ್ಟ್ ಹಾಕಿಸಿಕೊಳ್ಳುವವರು ಅವರೇ.

ಮೊದಲು ವಿಷಯದ ಹಿನ್ನೆಲೆಯನ್ನು ಹೇಳಿಬಿಡುತ್ತೇನೆ. ಹುಳುಕಿನಿಂದಲೋ ಪೆಟ್ಟಿನಿಂದಲೋ ಹಲ್ಲಿನ ಮೇಲ್ಭಾಗ ಬಹುಪಾಲು ಹೋಗಿದ್ದು ಬೇರು ಮಾತ್ರ ಗಟ್ಟಿಯಾಗಿ ಉಳಿದಿದ್ದರೆ, ರೂಟ್ ಕೆನಾಲ್ ಮುಗಿದ ನಂತರ ನಾಳದೊಳಗೆ ಒಂದು ಸಣ್ಣ ಕಡ್ಡಿಯನ್ನು ಇಳಿಸಿ, ಅದರ ಆಧಾರದ ಮೇಲೆ ಹಲ್ಲಿನ ದಿಮ್ಮಿಯನ್ನು ಕಟ್ಟಿ, ಮೇಲೆ ಕ್ಯಾಪ್ ಕೂರಿಸುತ್ತೇವೆ. ಆ ಕಡ್ಡಿಯೇ ಪೋಸ್ಟ್. ಅದು ಬೇರನ್ನು ಬಲಪಡಿಸುತ್ತದೆ ಎಂದು ಅನೇಕರು ನಂಬಿದ್ದಾರೆ. ಅದರ ಕೆಲಸ ಮೇಲಿನ ದಿಮ್ಮಿಯನ್ನು ಹಿಡಿದುಕೊಳ್ಳುವುದಷ್ಟೆ. ಹಿಂದೆ ಪೋಸ್ಟುಗಳು ಲೋಹದವಾಗಿದ್ದವು. ಲೋಹ ಹಲ್ಲಿನ ಗಟ್ಟಿ ಒಳಪದರವಾದ ಡೆಂಟಿನ್‌ಗಿಂತ ಹಲವು ಪಟ್ಟು ಬಿಗುವಾದ್ದರಿಂದ ಜಗಿಯುವ ಭಾರ ಬೇರಿನ ಮೇಲೆ ಬಿದ್ದು ಕೆಲವೊಮ್ಮೆ ಬೇರೇ ಉದ್ದಕ್ಕೆ ಸೀಳುತ್ತಿತ್ತು. 1990ರಲ್ಲಿ ಫ್ರಾನ್ಸಿನಿಂದ ಕಾರ್ಬನ್ ನಾರಿನ ಪೋಸ್ಟ್ ಬಂತು, ಆಮೇಲೆ ಬಿಳಿಯ ಗಾಜಿನ ನಾರಿನದು. ಇವು ಡೆಂಟಿನ್‌ನಂತೆಯೇ ಸ್ವಲ್ಪ ಬಾಗುವುದರಿಂದ ಬೇರು ಸೀಳುವ ಸಂಭವ ಕಡಿಮೆಯಾಯಿತು. ಆದರೆ ಸೋಲಿನ ಬಗೆ ಬದಲಾಯಿತು: ಈಗ ಪೋಸ್ಟ್ ಅಂಟು ಬಿಟ್ಟು ಕ್ಯಾಪ್ ಸಮೇತ ಕೈಗೆ ಬರುತ್ತದೆ. ನಮ್ಮ ಹೊರರೋಗಿ ವಿಭಾಗಕ್ಕೆ ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಕ್ಯಾಪನ್ನು ಕಾಗದದಲ್ಲಿ ಸುತ್ತಿಕೊಂಡು ಬರುವವರನ್ನು ಮೊದಲ ವರ್ಷವಿಡೀ ನೋಡಿದ್ದೆ. ಎಷ್ಟೋ ಪೋಸ್ಟುಗಳ ಮೇಲೆ ಸಿಮೆಂಟು ಹಾಗೆಯೇ ಅಂಟಿಕೊಂಡಿರುತ್ತಿತ್ತು. ಬಿಟ್ಟಿದ್ದು ಸಿಮೆಂಟು ಮತ್ತು ಡೆಂಟಿನ್ ನಡುವಿನ ಹಿಡಿತ. ಆ ಹಿಡಿತ ಏಕೆ ಸಡಿಲವಾಯಿತು ಎಂಬ ಪ್ರಶ್ನೆಯೇ ನನ್ನನ್ನು ತೊಳೆಯುವ ವಿಧಾನದ ಕಡೆಗೆ ತಂದಿತು.

ಬೇರುನಾಳವನ್ನು ಫೈಲ್ ಎಂಬ ಸಣ್ಣ ಅರದಿಂದ ಉಜ್ಜಿದಾಗ ಗೋಡೆಯ ಮೇಲೆ ಡೆಂಟಿನ್ ಪುಡಿ ಮತ್ತು ಅಂಗಾಂಶದ ಉಳಿಕೆಗಳು ಸೇರಿ ತೆಳುವಾದ ಲೇಪ ಕೂರುತ್ತದೆ. ಇದನ್ನು ಸ್ಮಿಯರ್ ಪದರ ಎನ್ನುತ್ತಾರೆ. ಬೇರುನಾಳದಲ್ಲಿ ಇದನ್ನು 1975ರಲ್ಲಿ ಮೆಕೂಂಬ್ ಮತ್ತು ಸ್ಮಿತ್ ವಿವರಿಸಿದರು. ಪೋಸ್ಟಿಗೆ ಜಾಗ ಮಾಡಲು ಡ್ರಿಲ್ ಹಾಕಿದಾಗ ಇನ್ನೊಂದು ಲೇಪ ಕೂರುತ್ತದೆ, ಮತ್ತು ಇದು ಮೊದಲಿನದಕ್ಕಿಂತ ದಪ್ಪ, ಏಕೆಂದರೆ ಡ್ರಿಲ್ಲಿನ ಬಿಸಿಗೆ ಮೆತ್ತಗಾದ ಗಟ್ಟಾಪರ್ಚಾ (ನಾಳ ತುಂಬುವ ರಬ್ಬರಿನಂಥ ವಸ್ತು) ಮತ್ತು ಸೀಲರ್ (ಅದನ್ನು ಗೋಡೆಗೆ ಕೂಡಿಸುವ ಲೇಪ) ಕೂಡ ಅದರಲ್ಲಿ ಸೇರಿಕೊಂಡಿರುತ್ತವೆ. ಹಳೆಯ ಸುಣ್ಣ ಕೆರೆಯದೆ ಗೋಡೆಗೆ ಬಣ್ಣ ಬಳಿದರೆ ಬಣ್ಣ ಸುಣ್ಣಕ್ಕೆ ಅಂಟುತ್ತದೆ, ಗೋಡೆಗೆ ಅಂಟುವುದಿಲ್ಲ. ಇಲ್ಲಿಯೂ ಅದೇ ಆಗುತ್ತದೆ. ರೂಟ್ ಕೆನಾಲ್ ಮಾಡುವಾಗ ಎಷ್ಟೇ ಶ್ರದ್ಧೆಯಿಂದ ತೊಳೆದಿದ್ದರೂ ಪೋಸ್ಟಿನ ಜಾಗ ಕೊರೆದ ಮೇಲೆ ಮತ್ತೆ ತೊಳೆಯಲೇಬೇಕು. ಈ ಎರಡನೆಯ ತೊಳೆತವೇ ನನ್ನ ಅಧ್ಯಯನದ ತಿರುಳು.

ವಿಷಯ ನಿಶ್ಚಯವಾದ ಮೇಲೆ ಸಿನಾಪ್ಸಿಸ್, ಅಂದರೆ ಅಧ್ಯಯನದ ಯೋಜನೆಯ ಸಾರಾಂಶ. ಪ್ರವೇಶ ಪಡೆದ ಆರು ತಿಂಗಳೊಳಗೆ ಇದನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸಬೇಕು, ಮತ್ತು ಅದಕ್ಕೂ ಮೊದಲು ಕಾಲೇಜಿನ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ಸಮಿತಿ ತಿಂಗಳಿಗೊಮ್ಮೆ ಸೇರಬೇಕೆಂಬುದು ರೂಢಿಯಾದರೂ ಸದಸ್ಯರ ಕೋರಂ ಆಗದೆ ಸಭೆ ಮುಂದಕ್ಕೆ ಹೋಗುತ್ತಿತ್ತು. ಪ್ರಯೋಗವನ್ನು ಕಿತ್ತ ಹಲ್ಲುಗಳ ಮೇಲೆ ಮಾಡುವುದರಿಂದ ನೀತಿ ಸಮಿತಿಯ ಗೊಡವೆ ಇರುವುದಿಲ್ಲ ಎಂದು ಕೆಲವು ಹಿರಿಯರು ಹೇಳಿದ್ದರು. ಹಾಗಲ್ಲ. ಹಲ್ಲು ರೋಗಿಯ ದೇಹದ ಭಾಗ. ಎಸೆಯುವ ಬದಲು ಸಂಶೋಧನೆಗೆ ಬಳಸುತ್ತೇವೆಂದರೆ ಅವರ ಒಪ್ಪಿಗೆ ಬೇಕು. ಸಮಿತಿಯವರು ಕನ್ನಡದಲ್ಲೊಂದು ಸಮ್ಮತಿ ಪತ್ರ ಕೇಳಿದರು, ಅಪ್ರಾಪ್ತರಿಗಾಗಿ ಪೋಷಕರ ಸಹಿಗೆ ಇನ್ನೊಂದು ಪುಟ ಕೇಳಿದರು. ನೀವು ಇವೆರಡನ್ನೂ ಅರ್ಜಿಯ ಜೊತೆಗೇ ಲಗತ್ತಿಸಿ. ಮುಂದಿನ ಸಭೆಯವರೆಗೆ ಕಾಯುವುದು ತಪ್ಪುತ್ತದೆ. ಗೈಡ್ ಅವರ ಸಹಿ, ವಿಭಾಗದ ಮುಖ್ಯಸ್ಥರ ಸಹಿ, ಪ್ರಾಂಶುಪಾಲರ ಸಹಿ ಈ ಕ್ರಮದಲ್ಲೇ ಆಗಬೇಕು, ನಡುವೆ ಒಬ್ಬರು ರಜೆಯಲ್ಲಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ನಾನು ಪ್ರತಿಯೊಂದು ಪತ್ರದ ಮೂರು ಮೂಲ ಪ್ರತಿಗಳನ್ನು ಸಹಿ ಮಾಡಿಸಿಟ್ಟುಕೊಂಡಿದ್ದು ಮುಂದೆ ಹೊರಗಿನ ಪ್ರಯೋಗಾಲಯಗಳಲ್ಲಿ ಬಹಳ ಉಪಯೋಗಕ್ಕೆ ಬಂತು.

ನಂತರ ಹಲ್ಲುಗಳ ಬೇಟೆ. ಇದನ್ನು ಬೇಟೆ ಎಂದೇ ಕರೆಯಬೇಕು. ವಕ್ರದಂತ ಚಿಕಿತ್ಸೆಗಾಗಿ ಕೀಳುವ, ಕೋರೆಹಲ್ಲಿನ ಹಿಂದಿರುವ ಪ್ರಿಮೋಲಾರ್‌ಗಳೇ ನಮಗೆ ಬೇಕಾದವು: ಹುಳುಕಿಲ್ಲದ, ಬಿರುಕಿಲ್ಲದ, ಒಂದೇ ನೇರ ಬೇರಿನ, ಒಂದೇ ನಾಳದ, ತುದಿ ಪೂರ್ತಿ ಬೆಳೆದಿರುವ ಕೆಳದವಡೆಯ ಹಲ್ಲುಗಳು. ಐದು ಗುಂಪು, ಗುಂಪಿಗೆ 12ರಂತೆ ನನಗೆ 60 ಬೇರು ಬೇಕಿತ್ತು. ಆದರೆ ಬಂದ ಹಲ್ಲುಗಳಲ್ಲಿ ಎಷ್ಟೋ ಎಕ್ಸ್-ರೇಯಲ್ಲಿ ಎರಡು ನಾಳ ತೋರಿಸಿ, ಇಲ್ಲವೇ ಇಕ್ಕಳದ ಒತ್ತಿಗೆ ಬಿರುಕು ಬಿಟ್ಟು ಕೈಬಿಟ್ಟವು. ನಮ್ಮ ಕಾಲೇಜಿನ ಶಸ್ತ್ರಚಿಕಿತ್ಸಾ ವಿಭಾಗದಿಂದ ಬರುವುದು ಸಾಲದೆ ಸರಸ್ವತಿಪುರಂ ಮತ್ತು ಕುವೆಂಪುನಗರದ ಕ್ಲಿನಿಕ್ಕುಗಳಿಗೆ, ಮಂಡ್ಯದಲ್ಲಿ ನಮ್ಮ ಮನೆಯ ಹತ್ತಿರದ ವೈದ್ಯರಿಗೆ ಮುಚ್ಚಳವಿರುವ ಡಬ್ಬಿಗಳನ್ನೂ ಸಮ್ಮತಿ ಪತ್ರಗಳನ್ನೂ ಕೊಟ್ಟು ಬಂದೆ. ಶನಿವಾರ ಊರಿಗೆ ಹೋದಾಗ ಡಬ್ಬಿ ಸಂಗ್ರಹಿಸಿ ತರುವುದು ಅಭ್ಯಾಸವಾಯಿತು.

ಇಲ್ಲೊಂದು ಎಚ್ಚರಿಕೆ. ಕಿತ್ತ ಹಲ್ಲನ್ನು ಒಣಗಲು ಬಿಡಬಾರದು, ಫಾರ್ಮಲಿನ್‌ನಲ್ಲಿ ಅದ್ದಿಡಬಾರದು. ಎರಡರಿಂದಲೂ ಡೆಂಟಿನ್‌ನ ಕೊಲಾಜೆನ್ ಎಂಬ ಪ್ರೋಟೀನ್ ನಾರು ಮಾರ್ಪಟ್ಟು ಅಂಟುವ ಗುಣ ಕೆಡುತ್ತದೆ. 0.5 ಪ್ರತಿಶತ ಕ್ಲೋರಮಿನ್-ಟಿ ದ್ರಾವಣದಲ್ಲಿ ಒಂದು ವಾರದ ಮಟ್ಟಿಗೆ ಇಟ್ಟು, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಫ್ರಿಜ್‌ನಲ್ಲಿಡುವುದು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್ಒ) ಮಾರ್ಗಸೂಚಿಗೆ ಒಪ್ಪುವ ಕ್ರಮ. ಹಲ್ಲು ಕಿತ್ತು ಆರು ತಿಂಗಳಿಗಿಂತ ಹೆಚ್ಚಾಗಿರಬಾರದು ಎಂಬುದೂ ಅದೇ ಮಾರ್ಗಸೂಚಿಯಲ್ಲಿದೆ. ಹೀಗಾಗಿ ಹಲ್ಲು ಕೂಡಿಸುವುದನ್ನು ತೀರಾ ಮುಂಚೆ ಆರಂಭಿಸಿದರೂ ಕಷ್ಟ, ತೀರಾ ತಡವಾದರೂ ಕಷ್ಟ. ಪ್ರತಿ ಡಬ್ಬಿಯ ಮೇಲೆ ಕಿತ್ತ ತಿಂಗಳು ಬರೆದಿರಲೇಬೇಕು.

ಹಲ್ಲು ಕೂಡುತ್ತಿದ್ದ ತಿಂಗಳುಗಳಲ್ಲಿ ತೊಳೆಯುವ ದ್ರಾವಣಗಳ ಬಗ್ಗೆ ಓದಿದೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿತ್ತು, ಏಕೆಂದರೆ ಒಂದು ಕಡೆ ಒಳ್ಳೆಯದೆಂದದ್ದನ್ನು ಇನ್ನೊಂದು ಕಡೆ ಕೆಟ್ಟದೆನ್ನುತ್ತಾರೆ. ಸೋಡಿಯಂ ಹೈಪೋಕ್ಲೋರೈಟ್ ನಮ್ಮೆಲ್ಲರ ಮುಖ್ಯ ದ್ರಾವಣ. ರೋಗಾಣುಗಳನ್ನು ಕೊಂದು, ಸತ್ತ ಅಂಗಾಂಶವನ್ನು ಕರಗಿಸುವುದರಲ್ಲಿ ಅದಕ್ಕೆ ಸಮನಾದದ್ದಿಲ್ಲ. ಆದರೆ ಅದು ಒಡೆದಾಗ ಹೊರಬರುವ ಆಮ್ಲಜನಕ ಡೆಂಟಿನ್‌ನ ಸೂಕ್ಷ್ಮ ನಳಿಕೆಗಳಲ್ಲಿ ಉಳಿದುಕೊಂಡು ಪೋಸ್ಟ್ ಅಂಟಿಸುವ ರೆಸಿನ್ ಸಿಮೆಂಟು ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡುತ್ತದೆ, ಮತ್ತು ರೆಸಿನ್ ಹೆಣೆದುಕೊಳ್ಳಬೇಕಾದ ಕೊಲಾಜೆನ್‌ನನ್ನೂ ಹಾಳುಮಾಡುತ್ತದೆ. ಇದೇ ಕಾರಣಕ್ಕೆ ಕೆಲವರು ಕೊನೆಯಲ್ಲಿ ಸೋಡಿಯಂ ಆಸ್ಕಾರ್ಬೇಟ್ ಹಾಯಿಸಿ ಆ ಪರಿಣಾಮವನ್ನು ತೊಡೆಯಬಹುದೆಂದು ತೋರಿಸಿದ್ದಾರೆ. ಅದೇ ವೇಳೆಗೆ ಬೇರೆ ಬಾಂಡ್ ಬಳಿಯದೆಯೇ ಅಂಟುವ ಕೆಲವು ಸ್ವಯಂ-ಅಂಟು ರೆಸಿನ್ ಸಿಮೆಂಟುಗಳ ಕೈಪಿಡಿಯಲ್ಲೇ ಪೋಸ್ಟಿನ ಜಾಗವನ್ನು ಹೈಪೋಕ್ಲೋರೈಟ್‌ನಿಂದ ತೊಳೆದು, ತಕ್ಷಣ ನೀರು ಹಾಯಿಸಿ, ಪೇಪರ್ ಪಾಯಿಂಟ್ ಎಂಬ ಹೀರುಕಾಗದದ ಕಡ್ಡಿಯಿಂದ ಒರೆಸಿ ಎಂದು ಬರೆದಿದೆ. ಎರಡೂ ಅಸಂಗತವೇನಲ್ಲ: ಬೇರೆ ಬೇರೆ ಸಿಮೆಂಟುಗಳು ಡೆಂಟಿನ್‌ಗೆ ಬೇರೆ ಬೇರೆ ರೀತಿಯಲ್ಲಿ ಅಂಟುತ್ತವೆ. ಯಾವ ಪ್ರಬಂಧವನ್ನು ಓದಿದರೂ ಮೊದಲು ಅವರು ಬಳಸಿದ ಸಿಮೆಂಟು ಯಾವುದೆಂದು ನೋಡಿ, ಆಮೇಲೆ ಫಲಿತಾಂಶ ನೋಡಿ ಎಂಬುದು ಈ ಓದಿನಿಂದ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಪಾಠ.

ಇಡಿಟಿಎ ಇನ್ನೊಂದು. 1957ರಲ್ಲಿ ನಾರ್ವೆಯ ನಿಗಾರ್ಡ್-ಓಸ್ಟ್‌ಬಿ ಇದನ್ನು ಬೇರುನಾಳಕ್ಕೆ ತಂದರು. ಇದು ಕ್ಯಾಲ್ಸಿಯಂ ಹಿಡಿದೆಳೆದು ಸ್ಮಿಯರ್ ಪದರದ ಖನಿಜಾಂಶವನ್ನು ಕರಗಿಸುತ್ತದೆ, ನಳಿಕೆಗಳ ಬಾಯಿ ತೆರೆಯುತ್ತದೆ. 17 ಪ್ರತಿಶತದ ದ್ರಾವಣಕ್ಕೆ ಒಂದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಡೆಂಟಿನ್ನೇ ಸವೆಯುತ್ತದೆ. ಇಡಿಟಿಎ ನಂತರ ಮತ್ತೆ ಹೈಪೋಕ್ಲೋರೈಟ್ ಹಾಕಿದರೂ ಆ ಸವೆತ ಹೆಚ್ಚುತ್ತದೆ.

ಮೂರನೆಯದಾದ 2 ಪ್ರತಿಶತ ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕವನ್ನು ಸೇರಿಸಲು ನನಗೆ ಬಹಳ ಆಸೆಯಿತ್ತು. ಡೆಂಟಿನ್‌ನಲ್ಲಿಯೇ ಅಡಗಿರುವ ಕೆಲವು ಕಿಣ್ವಗಳು ಕಾಲಾಂತರದಲ್ಲಿ ಅಂಟಿನ ಕೊಲಾಜೆನ್‌ನನ್ನು ತಿನ್ನುತ್ತವೆ, ಕ್ಲೋರ್‌ಹೆಕ್ಸಿಡಿನ್ ಅವನ್ನು ತಡೆಯುತ್ತದೆ ಎಂಬ ಕಾರಣಕ್ಕೆ. ನಮ್ಮ ಗೈಡ್ ಮಾತಾಡದೆ ಒಂದು ಪುಟ್ಟ ಗಾಜಿನ ಬಟ್ಟಲಿಗೆ ಎರಡು ಹನಿ ಹೈಪೋಕ್ಲೋರೈಟ್ ಹಾಕಿದರು, ಅದರ ಮೇಲೆ ಎರಡು ಹನಿ ಕ್ಲೋರ್‌ಹೆಕ್ಸಿಡಿನ್ ಬಿಟ್ಟರು. ಕ್ಷಣದಲ್ಲಿ ಅಲ್ಲಿ ಇಟ್ಟಿಗೆಯ ಬಣ್ಣದ ಗಸಿ ಕಟ್ಟಿತು, ಬಟ್ಟಲನ್ನು ಓರೆ ಮಾಡಿದರೂ ಅದು ತಳ ಬಿಟ್ಟು ಸರಿಯಲಿಲ್ಲ. “ಇದು ನಾಳದ ಗೋಡೆ ಮೇಲೆ ಕೂತ್ರೆ ಏನಾಗುತ್ತೆ ನೋಡಮ್ಮ, ನಳಿಕೆ ಬಾಯೆಲ್ಲ ಮುಚ್ಚಿಕೊಳ್ಳುತ್ತೆ. ಮಧ್ಯೆ ನೀರಲ್ಲಿ ಸರಿಯಾಗಿ ತೊಳೀದೆ ಒಂದರ ಮೇಲೊಂದು ಹಾಕೋ ಹಾಗಿಲ್ಲ,” ಎಂದರು. ಕ್ಲೋರ್‌ಹೆಕ್ಸಿಡಿನ್‌ನ ಲಾಭ ವರ್ಷಗಳ ನಂತರ ಕಾಣುವಂಥದ್ದು, ನನ್ನ ಪರೀಕ್ಷೆಯಾದರೋ ವಾರದೊಳಗಿನದು. ಹೀಗಾಗಿ ಅದನ್ನು ಬಿಟ್ಟೆ. ಕ್ಲಿನಿಕ್ಕಿನಲ್ಲಿ ದ್ರಾವಣ ಬದಲಿಸುವಾಗಲೆಲ್ಲ ನಡುವೆ ನೀರಿನಿಂದಲೋ ಸಲೈನ್‌ನಿಂದಲೋ ತೊಳೆಯುವುದು ಅಂದಿನಿಂದ ನನಗೆ ಕಡ್ಡಾಯವಾಗಿದೆ.

ಕೊನೆಗೆ ನಿಂತ ಗುಂಪುಗಳಿವು: ಡಿಸ್ಟಿಲ್ಡ್ ನೀರು ಮಾತ್ರ. 5.25 ಪ್ರತಿಶತ ಹೈಪೋಕ್ಲೋರೈಟ್ ಮಾತ್ರ. ಇಡಿಟಿಎ ಆದ ಮೇಲೆ ಹೈಪೋಕ್ಲೋರೈಟ್. ಇಡಿಟಿಎ ಮಾತ್ರ, ಸಿರಿಂಜಿನಿಂದ. ಇಡಿಟಿಎಯನ್ನೇ ನಾಳದಲ್ಲಿ ತುಂಬಿ ಅಲ್ಟ್ರಾಸಾನಿಕ್ ತುದಿಯಿಂದ ಕದಡಿ ತೊಳೆಯುವುದು. ಎಲ್ಲದರ ಕೊನೆಗೂ ಒಂದೇ ಅಳತೆಯ ಡಿಸ್ಟಿಲ್ಡ್ ನೀರು. ಅಲ್ಟ್ರಾಸಾನಿಕ್ ವಿಧಾನದಲ್ಲಿ ಸಣ್ಣ ಲೋಹದ ತುದಿ ಗೋಡೆಗೆ ತಾಗದೆ ಕಂಪಿಸುತ್ತದೆ. ದ್ರಾವಣದಲ್ಲಿ ಸುಳಿಗಳೆದ್ದು, ಸಿರಿಂಜಿನ ಸೂಜಿ ತಲುಪದ ಆಳದಿಂದಲೂ ಗಟ್ಟಾಪರ್ಚಾದ ಚೂರುಗಳು ಮೇಲೆದ್ದು ಬರುತ್ತವೆ. ಮೊದಲ ಸಲ ಲೂಪ್ಸ್ (ಹಿಗ್ಗಿಸಿ ತೋರಿಸುವ ಕನ್ನಡಕ) ಹಾಕಿಕೊಂಡು ನೋಡುತ್ತಿದ್ದಾಗ ಸಿರಿಂಜಿನಿಂದ ತೊಳೆದು ಶುದ್ಧವಾಗಿದೆಯೆಂದು ನಾನು ನಂಬಿದ್ದ ನಾಳದಿಂದ ಕಿತ್ತಳೆ ಬಣ್ಣದ ಪುಡಿ ಮೋಡದಂತೆ ಎದ್ದಿತು. ಆ ನಾಳವನ್ನು ರೋಗಿಯ ಬಾಯಲ್ಲಿ ನೋಡಿದ್ದರೆ ಸಿಮೆಂಟು ತುಂಬಿಬಿಡುತ್ತಿದ್ದೆನಲ್ಲ ಎಂಬ ಯೋಚನೆ ಬಹಳ ದಿನ ಕಾಡಿತು.

ಬೇರುಗಳ ತಯಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲ ಪ್ರಬಂಧಗಳಲ್ಲೂ ಒಂದೇ. ಹಲ್ಲಿನ ತಲೆಯನ್ನು ಕತ್ತರಿಸಿ, ನಾಳವನ್ನು ಒಂದೇ ಅಳತೆಗೆ ಹಿಗ್ಗಿಸಿ, ಎಪಾಕ್ಸಿ ರೆಸಿನ್ ಸೀಲರಿನಿಂದ ತುಂಬಿದೆ. ಯೂಜಿನಾಲ್ ಇರುವ ಸೀಲರ್ ಬೇಡ. ಲವಂಗದೆಣ್ಣೆಯ ಆ ಅಂಶ ರೆಸಿನ್ ಗಟ್ಟಿಯಾಗುವುದನ್ನು ತಡೆಯುತ್ತದೆ, ನಿಮ್ಮ ಫಲಿತಾಂಶದಲ್ಲಿ ಯಾವುದು ತೊಳೆತದ ಪರಿಣಾಮ, ಯಾವುದು ಸೀಲರಿನ ಪರಿಣಾಮ ಎಂದು ಬಿಡಿಸಲಾಗದು. ತುದಿಯಲ್ಲಿ 4ರಿಂದ 5 ಮಿ.ಮೀ. ಗಟ್ಟಾಪರ್ಚಾ ಉಳಿಸಿಕೊಂಡು ಪೋಸ್ಟಿಗೆ ಜಾಗ ಕೊರೆದು, ಗುಂಪಿನ ಪ್ರಕಾರ ತೊಳೆದು, ಪೇಪರ್ ಪಾಯಿಂಟಿನಿಂದ ಒರೆಸಿ ಪೋಸ್ಟ್ ಅಂಟಿಸಿದೆ. ಬೇರುಗಳನ್ನು ಚೀಟಿ ಎತ್ತಿ ಗುಂಪುಗಳಿಗೆ ಹಂಚಿದ್ದೆ, ಪೋಸ್ಟ್ ಅಂಟಿಸುವಾಗ ಸಿಮೆಂಟಿನ ಒಂದೇ ಬ್ಯಾಚ್ ಬಳಸಿದ್ದೆ.

ಖರ್ಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಂದೊಂದು ಫೈಬರ್ ಪೋಸ್ಟಿಗೆ ಇನ್ನೂರರಿಂದ ನಾನೂರು ರೂಪಾಯಿ, ಪ್ರಯೋಗಕ್ಕೆ 60, ಕೆಡುವುದಕ್ಕೆಂದು ಇನ್ನೊಂದಿಷ್ಟು. ರೆಸಿನ್ ಸಿಮೆಂಟಿನ ಒಂದು ಸಿರಿಂಜಿಗೆ ಸಾವಿರಗಳಲ್ಲಿ ಬೆಲೆ. ಹೊರಗಿನ ಪ್ರಯೋಗಾಲಯಗಳು ಮಾದರಿಗೆ ಇಷ್ಟೆಂದು ಲೆಕ್ಕ ಹಾಕಿ ಮೇಲೆ 18 ಪ್ರತಿಶತ ಜಿಎಸ್‌ಟಿ ಸೇರಿಸುತ್ತವೆ. ಒಂದು ಬೇರಿನಿಂದ ಮೇಲಿನ, ನಡುವಿನ, ಕೆಳಗಿನ ಭಾಗದ ಮೂರು ಬಿಲ್ಲೆ ಬರುತ್ತವೆಯಾದ್ದರಿಂದ 60 ಬೇರೆಂದರೆ 180 ಮಾದರಿ. ದರಪಟ್ಟಿ ಕೇಳುವಾಗ ಬೇರುಗಳ ಸಂಖ್ಯೆ ಹೇಳಬೇಡಿ, ಬಿಲ್ಲೆಗಳ ಸಂಖ್ಯೆ ಹೇಳಿ. ನನ್ನ ಸ್ಟೈಪೆಂಡಿನ ಹಲವು ತಿಂಗಳ ಉಳಿತಾಯ ಇದಕ್ಕೇ ಹೋಯಿತು, ಉಳಿದದ್ದನ್ನು ಅಪ್ಪ ಕಬ್ಬಿನ ಹಣ ಬಂದಾಗ ಕಳುಹಿಸಿದರು.

ಇನ್ನು ನಿಜವಾದ ತೊಡಕು. ಪೋಸ್ಟ್ ಎಷ್ಟು ಗಟ್ಟಿಯಾಗಿ ಅಂಟಿದೆಯೆಂದು ಅಳೆಯಲು ಬೇರನ್ನು 1 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಅಡ್ಡಕ್ಕೆ ಕೊಯ್ದು, ನಡುವಿನ ಪೋಸ್ಟನ್ನು ಸಣ್ಣ ಉಕ್ಕಿನ ಪಂಚಿನಿಂದ ಒತ್ತಿ ಹೊರದಬ್ಬುತ್ತಾರೆ. ಪುಶ್-ಔಟ್ ಪರೀಕ್ಷೆ ಎಂದರೆ ಇದೇ. ಇದಕ್ಕೆ ಯೂನಿವರ್ಸಲ್ ಟೆಸ್ಟಿಂಗ್ ಮೆಷಿನ್ ಬೇಕು. ಮೈಸೂರಿನಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿಗೇನು ಕೊರತೆ ಎಂದುಕೊಂಡು ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಪತ್ರ ಕೊಟ್ಟು, ಅನುಮತಿಗಾಗಿ ವಾರಗಟ್ಟಲೆ ಕಾದು, ಕೊನೆಗೆ ಒಳಗೆ ಹೋಗಿ ನೋಡಿದರೆ ಅಲ್ಲಿದ್ದದ್ದು ಉಕ್ಕಿನ ಸರಳು ಎಳೆಯುವ 100 ಕಿಲೋನ್ಯೂಟನ್ ಸಾಮರ್ಥ್ಯದ ಯಂತ್ರ. ನನ್ನ ಲೆಕ್ಕ ಹೀಗಿದೆ: ಪೋಸ್ಟಿನ ವ್ಯಾಸ 1.3 ಮಿ.ಮೀ., ಬಿಲ್ಲೆಯ ದಪ್ಪ 1 ಮಿ.ಮೀ. ಆದರೆ ಅಂಟಿರುವ ಮೈ ಸುಮಾರು 4 ಚದರ ಮಿ.ಮೀ.; ಹಿಡಿತ 10 ಮೆಗಾಪ್ಯಾಸ್ಕಲ್ (ಚದರ ಮಿ.ಮೀ.ಗೆ 10 ನ್ಯೂಟನ್) ಇದ್ದರೆ ಪೋಸ್ಟ್ ಹೊರಬೀಳಲು 40 ನ್ಯೂಟನ್, ಅಂದರೆ ಸುಮಾರು ನಾಲ್ಕು ಕಿಲೋ ಭಾರ ಸಾಕು. ಲಕ್ಷ ನ್ಯೂಟನ್ ಅಳೆಯುವ ಯಂತ್ರಕ್ಕೆ ಈ ನಲವತ್ತು ಕಾಣುವುದೇ ಇಲ್ಲ. ಯಂತ್ರ ಇದೆಯೇ ಎಂದು ಕೇಳುವ ಮೊದಲು ಅದರ ಲೋಡ್ ಸೆಲ್ (ಬಲ ಅಳೆಯುವ ಭಾಗ) ಎಷ್ಟರದು ಎಂದು ಕೇಳಿ. ಒಂದು ಕಿಲೋನ್ಯೂಟನ್ನಿನದು ಸಿಕ್ಕರೆ ಒಳ್ಳೆಯದು, ಐದರವರೆಗೂ ನಡೆಯುತ್ತದೆ. ಅದರ ಕ್ಯಾಲಿಬ್ರೇಶನ್ ಪ್ರಮಾಣಪತ್ರದ ಪ್ರತಿಯನ್ನೂ ಕೇಳಿ ಪಡೆಯಿರಿ, ಪ್ರಬಂಧದ ಅನುಬಂಧಕ್ಕೆ ಬೇಕಾಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಪರೀಕ್ಷಿಸುವ ಪ್ರಯೋಗಾಲಯಗಳಲ್ಲಿ ಇಂಥ ಸಣ್ಣ ಸೆಲ್ ಇರುವ ಸಂಭವ ಹೆಚ್ಚು. ನನಗೂ ಹಾಗೆಯೇ ಸಿಕ್ಕಿತು.

ಯಂತ್ರ ಸಿಕ್ಕರೂ ಪಂಚ್ ಇರಲಿಲ್ಲ. ಬೇರು ಕೆಳಕ್ಕೆ ಹೋದಂತೆ ಪೋಸ್ಟ್ ಸಣ್ಣದಾಗುತ್ತದೆಯಾದ್ದರಿಂದ ಮೂರು ಅಳತೆಯ ಪಂಚ್ ಬೇಕು; ಪಂಚ್ ಪೋಸ್ಟಿಗಿಂತ ತುಸು ಸಣ್ಣದಿರಬೇಕು, ಡೆಂಟಿನ್‌ಗೆ ತಾಗಿದರೆ ಅಳತೆ ಸುಳ್ಳಾಗುತ್ತದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತ್ ಅಂಗಡಿಗೆ ಚಿತ್ರ ಬರೆದುಕೊಂಡು ಹೋದೆ. ಮಾಲೀಕರು ವಯಸ್ಸಾದವರು, ವರ್ನಿಯರ್ ಹಿಡಿದು ನನ್ನ ಪೋಸ್ಟನ್ನು ತಾವೇ ಅಳೆದು ನೋಡಿದರು. “ಇಷ್ಟು ಸಣ್ಣದನ್ನ ಉದ್ದ ಮಾಡಿದ್ರೆ ಬಾಗೋಯ್ತದೆ ಮೇಡಂ. ತುದಿ ಮಾತ್ರ ಸಣ್ಣ ಮಾಡಿ, ಮೇಲ್ಗಡೆ ದಪ್ಪ ಬಿಡ್ತೀನಿ. ಕೆಳಗಡೆ ಪ್ಲೇಟ್‌ಗೂ ತೂತು ಬೇಕಲ್ವಾ, ಬಿದ್ದಿದ್ದು ಎಲ್ಲಿಗೆ ಹೋಗ್ಬೇಕು?” ಎಂದರು. ಕೆಳಗಿನ ತಟ್ಟೆಯ ತೂತಿನ ಬಗ್ಗೆ ನನ್ನ ಚಿತ್ರದಲ್ಲಿ ಅಳತೆಯೇ ಇರಲಿಲ್ಲ. ಅವರೇ ಕೇಳಿ ಸರಿಪಡಿಸಿದರು. ಆದರೆ ಆಗ ದಸರಾ ಹತ್ತಿರವಾಗಿತ್ತು. ಆಯುಧಪೂಜೆಗೆ ಲೇತ್ ತೊಳೆದು ಅರಿಶಿನ ಕುಂಕುಮ ಹಚ್ಚಿದ ಮೇಲೆ ಹಬ್ಬ ಕಳೆಯುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ, ಕೆಲಸಗಾರರು ಊರಿಗೆ ಹೋಗಿರುತ್ತಾರೆ, ಪ್ರಯೋಗಾಲಯಗಳಿಗೂ ರಜೆ. ಮೈಸೂರಿನಲ್ಲಿ ಕೆಲಸ ಮಾಡುವವರು ಸೆಪ್ಟೆಂಬರ್ ಮುಗಿಯುವ ಮುಂಚೆ ಯಂತ್ರದ ಕೆಲಸವೆಲ್ಲ ಮುಗಿಸಿಕೊಳ್ಳಬೇಕು, ಇಲ್ಲವೇ ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಬೇಕು.

ಬಿಲ್ಲೆ ಕೊಯ್ಯಲು ನೀರು ಹರಿಯುವ, ನಿಧಾನವಾಗಿ ತಿರುಗುವ ವಜ್ರದ ಗರಗಸ ಬೇಕು. ಅದು ನನಗೆ ಬೆಂಗಳೂರಿನಲ್ಲಿ ಸಿಕ್ಕಿತು. ಬೇರುಗಳನ್ನು ಅಕ್ರಿಲಿಕ್ ಅಚ್ಚಿನಲ್ಲಿ ಕೂರಿಸಿ, ಒದ್ದೆ ಗಾಜ್‌ನಲ್ಲಿ ಸುತ್ತಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನ ರೈಲಿನಲ್ಲಿ ಹೋಗಿಬಂದೆ. ಕೊಯ್ಯುವಾಗಲೇ ಕೆಲವು ಬಿಲ್ಲೆಗಳಿಂದ ಪೋಸ್ಟ್ ತಾನಾಗಿ ಉದುರಿಬಿತ್ತು. ಅದನ್ನು ಕಂಡಾಗ ಎದೆ ಧಸಕ್ಕೆಂದಿತು: ಮಾದರಿ ಹಾಳಾಯಿತೆಂದು ಬಿಸಾಡಬೇಕೆ, ಸೊನ್ನೆ ಎಂದು ಬರೆಯಬೇಕೆ? ಬಿಸಾಡಿದರೆ ದುರ್ಬಲವಾಗಿ ಅಂಟಿದವುಗಳೇ ಲೆಕ್ಕದಿಂದ ಹೊರಗುಳಿದು ಆ ಗುಂಪು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸಂಖ್ಯಾಶಾಸ್ತ್ರಜ್ಞರೊಂದಿಗೆ ಚರ್ಚಿಸಿ ಸೊನ್ನೆ ಎಂದು ಸೇರಿಸಿದೆ, ಯಾವ ಗುಂಪಿನಲ್ಲಿ ಎಷ್ಟು ಉದುರಿದವು ಎಂಬುದನ್ನು ಬೇರೆ ಕೋಷ್ಟಕದಲ್ಲಿ ಕೊಟ್ಟೆ. ಈ ನಿರ್ಧಾರವನ್ನು ಸಿನಾಪ್ಸಿಸ್‌ನಲ್ಲೇ ಬರೆದಿಟ್ಟರೆ ಮುಂದೆ ಪರೀಕ್ಷಕರ ಮುಂದೆ ತೊಂದರೆಯಿಲ್ಲ. ಇನ್ನೊಂದು ಮಾತು: ಬಿಲ್ಲೆ ಕೊಯ್ದ ಕೂಡಲೇ ಅದರ ಕೆಳಮೈಗೆ ಮಾರ್ಕರಿನಿಂದ ಚುಕ್ಕೆ ಇಡಿ. ಪೋಸ್ಟ್ ಕೆಳಕ್ಕೆ ಮೊನಚಾಗಿರುವುದರಿಂದ ಕೆಳಗಿನಿಂದ ಮೇಲಕ್ಕೇ ಒತ್ತಬೇಕು. ತಿರುಗುಮುರುಗಾದರೆ ಪೋಸ್ಟ್ ಬೆಣೆಯಂತೆ ಬಿಗಿದುಕೊಳ್ಳುತ್ತದೆ.

ಪರೀಕ್ಷೆಯ ದಿನ ಬಿಲ್ಲೆಯನ್ನು ಚಿಮಟದಿಂದ ಹಿಡಿದು ತೂತಿನ ಮೇಲೆ ನಡುಮಧ್ಯಕ್ಕೆ ತರುವುದೇ ದೊಡ್ಡ ಕೆಲಸವಾಗಿತ್ತು. ಉಗುರಿಗಿಂತ ಚಿಕ್ಕದಾದ ಹಳದಿ ಬಳೆ, ನಡುವೆ ಬಿಳಿಯ ಚುಕ್ಕೆಯಂತೆ ಪೋಸ್ಟ್, ಎರಡರ ನಡುವೆ ಕೂದಲೆಳೆಯಷ್ಟು ಸಿಮೆಂಟು. ಪಂಚ್ ನಿಮಿಷಕ್ಕೆ ಅರ್ಧ ಮಿ.ಮೀ. ವೇಗದಲ್ಲಿ ಇಳಿಯುತ್ತದೆ. ಪರದೆಯ ಮೇಲೆ ಗೆರೆ ನಿಧಾನವಾಗಿ ಏರುತ್ತಾ ಹೋಗಿ, ಟಿಕ್ ಎಂಬ ಸಣ್ಣ ಸದ್ದಿನೊಂದಿಗೆ ನೇರ ಕೆಳಗೆ ಬೀಳುತ್ತದೆ. ಆ ತುದಿಯ ಅಂಕಿಯನ್ನು ಬರೆದುಕೊಳ್ಳುವುದು. ಬೆಳಗಿನಿಂದ ಸಂಜೆಯವರೆಗೆ ಇದೇ. ನಂತರ ಪ್ರತಿ ಬಿಲ್ಲೆಯ ಮೇಲಿನ ಮತ್ತು ಕೆಳಗಿನ ತ್ರಿಜ್ಯಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ನ್ಯೂಟನ್ನನ್ನು ಮೆಗಾಪ್ಯಾಸ್ಕಲ್‌ಗೆ ಪರಿವರ್ತಿಸಬೇಕು, ಹಾಗೆಯೇ ಸಿಮೆಂಟು ಬಿಟ್ಟದ್ದು ಡೆಂಟಿನ್‌ನಿಂದಲೋ ಪೋಸ್ಟಿನಿಂದಲೋ ಎಂದು ಗುರುತಿಸಬೇಕು.

ಪ್ರತಿ ಗುಂಪಿನಿಂದ ಒಂದೆರಡು ಹೆಚ್ಚುವರಿ ಬೇರುಗಳನ್ನು ಪೋಸ್ಟ್ ಅಂಟಿಸದೆ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಉಳಿಸಿಕೊಂಡಿದ್ದೆ. ಇದಕ್ಕೆ ಮಾನಸಗಂಗೋತ್ರಿಯ ವಿಜ್ಞಾನ ಭವನಕ್ಕೆ ಹೋದೆ. ಮುಖ್ಯಸ್ಥರ ಪತ್ರ, ಶುಲ್ಕ ಕಟ್ಟಿದ ರಸೀದಿ, ಪೂರ್ತಿ ಒಣಗಿದ ಮಾದರಿ ಇವು ಸಿದ್ಧವಿರಲಿ. ತೇವವಿದ್ದರೆ ನಿರ್ವಾತದಲ್ಲಿ ಕೆಲಸ ಆಗದು. ಚಿನ್ನದ ತೆಳು ಲೇಪ ಹಚ್ಚಿ ಒಳಗಿಟ್ಟು ಚಿತ್ರ ಮೂಡಿದಾಗ ಇಷ್ಟು ದಿನ ಅಂಕಿಗಳಲ್ಲಿ ಕಂಡದ್ದು ಕಣ್ಣಿಗೆ ಕಂಡಿತು. ನೀರಿನಿಂದ ಮಾತ್ರ ತೊಳೆದ ಗೋಡೆ ಕೆಸರು ಬಳಿದಂತೆ ಮುಚ್ಚಿಹೋಗಿತ್ತು, ಒಂದು ನಳಿಕೆಯೂ ಕಾಣುತ್ತಿರಲಿಲ್ಲ. ಇಡಿಟಿಎ ಮತ್ತು ಅಲ್ಟ್ರಾಸಾನಿಕ್ ಆದ ಗೋಡೆಯ ಮೇಲ್ಭಾಗದಲ್ಲಿ ನಳಿಕೆಗಳ ಬಾಯಿ ಸಾಲುಸಾಲಾಗಿ ತೆರೆದಿತ್ತು. ಅದೇ ಬೇರಿನ ಕೆಳಭಾಗದಲ್ಲಿ ಅಲ್ಲಲ್ಲಿ ಲೇಪ ಇನ್ನೂ ಇತ್ತು.

ಫಲಿತಾಂಶ ಆ ಚಿತ್ರಕ್ಕೆ ಬಹುಮಟ್ಟಿಗೆ ಹೊಂದಿಕೊಂಡಿತು. ಇಡಿಟಿಎಯನ್ನು ಅಲ್ಟ್ರಾಸಾನಿಕ್‌ನಿಂದ ಕದಡಿದ ಗುಂಪಿನಲ್ಲಿ ಹಿಡಿತ ಎಲ್ಲಕ್ಕಿಂತ ಹೆಚ್ಚು. ಎಲ್ಲ ಗುಂಪುಗಳಲ್ಲೂ ಬೇರಿನ ಕೆಳಭಾಗದ ಬಿಲ್ಲೆಗಳಲ್ಲಿ ಹಿಡಿತ ಕಡಿಮೆ. ಅಲ್ಲಿ ನಳಿಕೆಗಳೂ ಕಡಿಮೆ, ಸಿಮೆಂಟನ್ನು ಗಟ್ಟಿಮಾಡುವ ಬೆಳಕು ತಲುಪುವುದೂ ಕಡಿಮೆ. ಆದರೆ ಹೈಪೋಕ್ಲೋರೈಟ್ ಗುಂಪು ನೀರಿನ ಗುಂಪಿಗಿಂತ ಕೆಳಗಿರುತ್ತದೆಂದು ನಾನು ನಿರೀಕ್ಷಿಸಿದ್ದೆ. ಎರಡರ ನಡುವೆ ಗಣನೀಯ ವ್ಯತ್ಯಾಸವೇ ಬರಲಿಲ್ಲ. ಇದನ್ನು ಹಿಡಿದುಕೊಂಡು ಗೈಡ್ ಬಳಿ ಹೋದಾಗ ನಿಜಕ್ಕೂ ಅಳು ಬರುವಂತಿತ್ತು. “ವ್ಯತ್ಯಾಸ ಇಲ್ಲ ಅನ್ನೋದೂ ರಿಸಲ್ಟೇ ಅಲ್ವೇನಮ್ಮ, ಬಂದದ್ದನ್ನ ಬಂದ ಹಾಗೆ ಬರಿ,” ಎಂದರು. ನಾವು ಬಳಸಿದ ಸ್ವಯಂ-ಅಂಟು ಸಿಮೆಂಟು ಮುಖ್ಯವಾಗಿ ಡೆಂಟಿನ್‌ನ ಕ್ಯಾಲ್ಸಿಯಂಗೆ ಕಟ್ಟಿಕೊಳ್ಳುವಂಥದ್ದು, ಕೊಲಾಜೆನ್‌ನನ್ನು ಅಷ್ಟಾಗಿ ಅವಲಂಬಿಸುವುದಿಲ್ಲ, ಮೇಲಾಗಿ ಕೊನೆಗೆ ನೀರು ಹಾಯಿಸಿದ್ದೆವು. ಆಸಿಡ್ ಹಚ್ಚಿ ಬಾಂಡ್ ಬಳಿಯುವ ಪದ್ಧತಿಯಲ್ಲಿ ಫಲಿತಾಂಶ ಬೇರೆಯಾಗಿದ್ದಿರಬಹುದು ಎಂದು ಚರ್ಚೆಯ ಭಾಗದಲ್ಲಿ ವಿವರಿಸಿದೆ.

ರೋಗಿಗಳಾಗಿ ಇದನ್ನು ಓದುತ್ತಿರುವವರಿಗೆ ಎರಡು ಮಾತು. ಪೋಸ್ಟ್ ಕೂರಿಸುವ ದಿನ ವೈದ್ಯರು ಕೊರೆದ ಮೇಲೆ ಮತ್ತೆ ಮತ್ತೆ ತೊಳೆಯುತ್ತಾ, ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿ ಎಂಜಲು ತಾಗದಂತೆ ನೋಡುತ್ತಾ ಸಮಯ ತೆಗೆದುಕೊಂಡರೆ ಬೇಸರಪಡಬೇಡಿ, ಆ ಹತ್ತು ನಿಮಿಷವೇ ಪೋಸ್ಟಿನ ಬಾಳಿಕೆಯನ್ನು ಬಹಳಮಟ್ಟಿಗೆ ನಿರ್ಧರಿಸುತ್ತದೆ. ಜೊತೆಗೆ ವಸಡಿನ ಮೇಲೆ ಸುತ್ತಲೂ ಒಂದೂವರೆ, ಎರಡು ಮಿ.ಮೀ.ನಷ್ಟಾದರೂ ಗಟ್ಟಿ ಹಲ್ಲು ಉಳಿದಿದೆಯೇ ಎಂದು ಕೇಳಿ ತಿಳಿಯಿರಿ; ಅದಿಲ್ಲದಿದ್ದರೆ ಎಂಥ ಅಂಟಿನಿಂದಲೂ ಕ್ಯಾಪ್ ಬಹುಕಾಲ ನಿಲ್ಲುವುದು ಕಷ್ಟ.

ಸಲ್ಲಿಕೆಯ ಕೆಲಸ ಚಿಕ್ಕದು, ಆದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಕೃತಿಚೌರ್ಯ ತಪಾಸಣೆಯ ವರದಿ, ನೀತಿ ಸಮಿತಿಯ ಪತ್ರ, ಪ್ರಯೋಗಾಲಯಗಳ ಪ್ರಮಾಣಪತ್ರ, ಮೂಲ ಅಂಕಿಗಳ ಮಾಸ್ಟರ್ ಚಾರ್ಟ್ ಇವೆಲ್ಲ ಬೈಂಡಿಂಗ್‌ಗೆ ಮೊದಲೇ ಕೈಯಲ್ಲಿರಬೇಕು. ಉಳಿದ ಹಲ್ಲುಗಳನ್ನು ಕಾಲೇಜಿನ ಹಳದಿ ಚೀಲಕ್ಕೆ ಹಾಕಿ ರಿಜಿಸ್ಟರಿನಲ್ಲಿ ನಮೂದಿಸಿ. ನಾನು ಮಾಡಿಸಿದ ಮೂರು ಪಂಚ್ ಮತ್ತು ತಳದ ತಟ್ಟೆ ನಮ್ಮ ವಿಭಾಗದ ಬೀರುವಿನಲ್ಲಿವೆ. ಮೈಸೂರು, ಮಂಡ್ಯದ ಯಾವ ಕಾಲೇಜಿನವರಾದರೂ ಮುಖ್ಯಸ್ಥರ ಪತ್ರ ತಂದರೆ ಕೊಡುತ್ತಾರೆ. ಅತಿ ಸಣ್ಣ ಪಂಚಿನ ತುದಿ ಸ್ವಲ್ಪ ಸವೆದಿದೆ, ಅದೊಂದನ್ನು ಹೊಸದಾಗಿ ಮಾಡಿಸಿಕೊಳ್ಳಬೇಕಾಗುತ್ತದೆ.